ಹೆಲೆನ್ ಟೌಸಿಗ್

ತುಟಿಯೂ ಉಗುರುಗಳೂ ನೀಲಿಗಟ್ಟಿದ ಮಕ್ಕಳು ಕೆಲವರು ಹುಟ್ಟುವುದುಂಟು. ನಾಲ್ಕು ಹೆಜ್ಜೆ ನಡೆದರೆ ಅವರಿಗೆ ಏದುಸಿರು. ಕುಕ್ಕರುಗಾಲಿನಲ್ಲಿ ಕುಳಿತು ದಣಿವಾರಿಸಿಕೊಂಡ ಮೇಲೆಯೇ ಮುಂದಿನ ಹೆಜ್ಜೆ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಣ ಗೋಡೆಯಲ್ಲಿ ರಂಧ್ರ, ಶ್ವಾಸಕೋಶಕ್ಕೆ ರಕ್ತ ಸಾಗುವ ದಾರಿಯಲ್ಲಿ ಇಕ್ಕಟ್ಟು. ಇವು ಮುಖ್ಯ ಕಾರಣಗಳು. ಇದರಿಂದ ಆಮ್ಲಜನಕವನ್ನು ಪಡೆಯದ ರಕ್ತವೇ ಮೈಯೆಲ್ಲ ಹರಿಯುತ್ತದೆ. 1944ಕ್ಕೆ ಮೊದಲು ಇಂಥ ಮಕ್ಕಳಿಗೆ ಪರಿಣಾಮಕಾರಿಯಾದ ಚಿಕಿತ್ಸೆಯೇ ಇರಲಿಲ್ಲ. ಅದರ ದಾರಿಯನ್ನು ಮೊದಲು ಊಹಿಸಿದವರು ಅಮೆರಿಕದ ವೈದ್ಯೆ ಹೆಲೆನ್ ಬ್ರೂಕ್ ಟೌಸಿಗ್.

ಅವರು 1898ರ ಮೇ 24ರಂದು ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್‌ನಲ್ಲಿ ಜನಿಸಿದರು. ತಂದೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರು. ಹೆಲೆನ್ ಹನ್ನೊಂದು ವರ್ಷದವರಾಗಿದ್ದಾಗ ತಾಯಿ ಕ್ಷಯರೋಗದಿಂದ ತೀರಿಕೊಂಡರು. ಅಕ್ಷರಗಳನ್ನು ಗುರುತಿಸಿ ಓದುವುದೇ ಆ ಬಾಲಕಿಗೆ ಕಷ್ಟವಾಗಿತ್ತು. ತಂದೆ ತಾಳ್ಮೆಯಿಂದ ಕಲಿಸಿದರು. ಹಾರ್ವರ್ಡ್‌ನ ವೈದ್ಯಕೀಯ ಶಾಲೆ ಆಗ ಸ್ತ್ರೀಯರಿಗೆ ಪದವಿ ನೀಡುತ್ತಿರಲಿಲ್ಲ. ಪಾಠ ಕೇಳಲು ಅನುಮತಿ ದೊರೆತರೂ ಗಂಡು ವಿದ್ಯಾರ್ಥಿಗಳಿಂದ ದೂರವಾಗಿ ಕುಳಿತುಕೊಳ್ಳಬೇಕಾಗಿತ್ತು. ಕೊನೆಗೆ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ವೈದ್ಯಕೀಯ ಶಾಲೆಯಲ್ಲಿ ಓದಿ 1927ರಲ್ಲಿ ವೈದ್ಯಕೀಯ ಪದವಿ ಪಡೆದರು. 1930ರಲ್ಲಿ ಅಲ್ಲಿಯ ಮಕ್ಕಳ ಆಸ್ಪತ್ರೆಯ ಹೃದಯ ಚಿಕಿತ್ಸಾಲಯವು ಅವರ ವಶಕ್ಕೆ ಬಂದಿತು.

ಇಷ್ಟರಲ್ಲಿ ಅವರ ಕಿವಿ ಮಂದವಾಗತೊಡಗಿತ್ತು. ಹೃದಯದ ವೈದ್ಯರಿಗೆ ಸ್ಟೆತಾಸ್ಕೋಪಿನ ಸದ್ದೇ ಕೇಳದೆ ಹೋದರೆ ಗತಿಯೇನು? ಹೆಲೆನ್ ಮಗುವಿನ ಎದೆಯ ಮೇಲೆ ಅಂಗೈಯನ್ನಿಟ್ಟು ಹೃದಯದ ಮಿಡಿತವನ್ನೂ ಕಂಪನವನ್ನೂ ತಿಳಿಯುವುದನ್ನು ಅಭ್ಯಾಸ ಮಾಡಿಕೊಂಡರು. ಕಣ್ಣಿಗೆ ನೆರವಾದುದು ಫ್ಲೂರೊಸ್ಕೋಪ್ ಎಂಬ ಕ್ಷಕಿರಣ ಯಂತ್ರ. ಸಾಮಾನ್ಯ ಕ್ಷಕಿರಣ ಚಿತ್ರ ನಿಶ್ಚಲವಾದುದು. ಫ್ಲೂರೊಸ್ಕೋಪಿನ ಹೊಳೆಯುವ ಪರದೆಯ ಮೇಲಾದರೋ ಮಿಡಿಯುತ್ತಿರುವ ಹೃದಯದ ನೆರಳೇ ಕಾಣುತ್ತದೆ. ಕತ್ತಲೆಯ ಕೋಣೆಯಲ್ಲಿ ಮಗುವಿಗೆ ಬೇರಿಯಂ ದ್ರವವನ್ನು ಕುಡಿಸಿದರೆ ಹೃದಯದ ಹಿಂದಿನ ಅನ್ನನಾಳ ಎದ್ದು ತೋರುತ್ತದೆ. ಮಗುವನ್ನು ಅತ್ತಿತ್ತ ತಿರುಗಿಸುತ್ತ, ಯಾವ ಕೋಣೆ ಹಿಗ್ಗಿದೆ, ಯಾವ ನಾಳ ಕಿರಿದಾಗಿದೆ ಎಂದು ಅವರು ಗುರುತು ಹಾಕಿಕೊಳ್ಳುತ್ತಿದ್ದರು. ಮಗು ತೀರಿಕೊಂಡರೆ, ಶವಪರೀಕ್ಷೆಯಲ್ಲಿ ಕಂಡ ಹೃದಯದೊಡನೆ ತಮ್ಮ ಗುರುತುಗಳನ್ನು ಹೋಲಿಸಿ ನೋಡುತ್ತಿದ್ದರು. ಸಾವಿನಿಂದಲೇ ಪಾಠ ಕಲಿಯಬೇಕಾದ ಕಾಲವದು.

ಹೀಗೆ ವರ್ಷಗಟ್ಟಲೆ ನೋಡಿದುದರಿಂದ ಅವರಿಗೆ ಒಂದು ಸಂಗತಿ ಹೊಳೆಯಿತು. ಗರ್ಭದಲ್ಲಿರುವ ಶಿಶುವಿಗೆ ಮಹಾಪಧಮನಿಯನ್ನೂ ಶ್ವಾಸಕೋಶದ ಅಪಧಮನಿಯನ್ನೂ ಸೇರಿಸುವ ಒಂದು ಕಿರುನಾಳವಿರುತ್ತದೆ. ಹುಟ್ಟಿದ ಮೇಲೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಈ ನಾಳ ತೆರೆದಿರುವವರೆಗೆ ನೀಲಿ ಮಕ್ಕಳು ಹೇಗೋ ಬದುಕಿರುತ್ತಿದ್ದರು, ಮುಚ್ಚಿದೊಡನೆ ಅವರ ಸ್ಥಿತಿ ಕೆಡುತ್ತಿತ್ತು. ಹಾಗಾದರೆ ಅಂಥದೊಂದು ನಾಳವನ್ನು ಶಸ್ತ್ರವೈದ್ಯರು ನಿರ್ಮಿಸಬಾರದೇಕೆ? ಬಾಸ್ಟನ್ನಿನ ರಾಬರ್ಟ್ ಗ್ರಾಸ್ 1938ರಲ್ಲಿ ತೆರೆದುಳಿದ ಕಿರುನಾಳವೊಂದನ್ನು ಕಟ್ಟಿ ಮುಚ್ಚಿ ಹೆಸರಾಗಿದ್ದರು. ಹೆಲೆನ್ ಅವರ ಬಳಿಗೆ ಹೋದರು. ಮುಚ್ಚುವುದನ್ನು ಬಲ್ಲ ಗ್ರಾಸ್ ಹೊಸದನ್ನು ನಿರ್ಮಿಸಲು ಆಸಕ್ತಿ ತೋರಲಿಲ್ಲ.

1941ರಲ್ಲಿ ಆಲ್‌ಫ್ರೆಡ್ ಬ್ಲೇಲಾಕ್ ಹಾಪ್‌ಕಿನ್ಸ್‌ಗೆ ಶಸ್ತ್ರಚಿಕಿತ್ಸೆಯ ಮುಖ್ಯಸ್ಥರಾಗಿ ಬಂದರು. ಅವರೊಡನೆ ಬಂದ ಪ್ರಯೋಗಾಲಯದ ಸಹಾಯಕ ವಿವಿಯನ್ ಥಾಮಸ್ ಕಪ್ಪುವರ್ಣೀಯರು. ಬಡಗಿಯ ಕೆಲಸ ಮಾಡಿದ್ದವರು. ಹಣವಿಲ್ಲದೆ ಕಾಲೇಜಿನ ಮೆಟ್ಟಿಲು ಹತ್ತಲಾಗದವರು. ಹೆಲೆನ್‌ರ ವಿಚಾರವನ್ನು ಬ್ಲೇಲಾಕ್ ಒಪ್ಪಿಕೊಂಡರು. ಥಾಮಸ್ ನಾಯಿಗಳ ಮೇಲೆ ಪ್ರಯೋಗ ನಡೆಸಿ, ತೋಳಿಗೆ ಹೋಗುವ ಅಪಧಮನಿಯನ್ನು ಶ್ವಾಸಕೋಶದ ಅಪಧಮನಿಗೆ ಹೊಲಿಯುವ ವಿಧಾನವನ್ನು ಪಳಗಿಸಿಕೊಂಡರು.

1944ರ ನವೆಂಬರ್ 29ರಂದು ಹದಿನೈದು ತಿಂಗಳ ಹೆಣ್ಣುಮಗುವೊಂದನ್ನು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿಸಲಾಯಿತು. ಅದರ ತೂಕ ಸುಮಾರು ನಾಲ್ಕು ಕಿಲೋಗ್ರಾಂ ಮಾತ್ರ. ಬ್ಲೇಲಾಕ್‌ರ ಹಿಂದೆ ಕಾಲುಮಣೆಯ ಮೇಲೆ ನಿಂತು ಥಾಮಸ್ ಪ್ರತಿಯೊಂದು ಹೊಲಿಗೆಗೂ ಸಲಹೆ ನೀಡಿದರು. ಮಗು ಚೇತರಿಸಿಕೊಂಡಿತು, ಆದರೆ ಕೆಲವು ತಿಂಗಳುಗಳ ಅನಂತರ ತೀರಿಕೊಂಡಿತು. ಮೂರನೆಯ ರೋಗಿ ಆರು ವರ್ಷದ ಬಾಲಕ. ನಾಳಗಳಿಗೆ ಹಾಕಿದ್ದ ಹಿಡಿಕೆಗಳನ್ನು ಸಡಿಲಿಸುತ್ತಲೇ ಅವನ ನೀಲಿ ತುಟಿಗಳು ಎಲ್ಲರೂ ನೋಡುತ್ತಿದ್ದಂತೆ ಕೆಂಪೇರಿದವು.

1945ರ ಮೇ ತಿಂಗಳಲ್ಲಿ ಈ ಮೂವರು ಮಕ್ಕಳ ವೃತ್ತಾಂತವು ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಲೇಖಕರು ಬ್ಲೇಲಾಕ್ ಮತ್ತು ಟೌಸಿಗ್. ಥಾಮಸ್‌ರ ಹೆಸರು ಅದರಲ್ಲಿರಲಿಲ್ಲ. ಸ್ತ್ರೀಯೆಂಬ ಕಾರಣಕ್ಕೆ ದೂರ ಕುಳಿತ ಅನುಭವವಿದ್ದವರೊಬ್ಬರು ಬರೆದ ಲೇಖನದಲ್ಲಿಯೂ ಹೀಗಾದುದು ಖೇದದ ಸಂಗತಿ. ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಥಾಮಸ್‌ರಿಗೆ ಗೌರವ ಡಾಕ್ಟರೇಟ್ ನೀಡಿದುದು 1976ರಲ್ಲಿ. ಇತ್ತೀಚೆಗೆ ಅನೇಕ ವೈದ್ಯರು ಆ ಶಸ್ತ್ರಚಿಕಿತ್ಸೆಯನ್ನು ಮೂವರ ಹೆಸರಿನಿಂದಲೂ ಕರೆಯುತ್ತಾರೆ.

ಹುಟ್ಟಿನಿಂದ ಬರುವ ಹೃದಯದೋಷಗಳನ್ನು ಕುರಿತ ಹೆಲೆನ್‌ರ ಗ್ರಂಥ 1947ರಲ್ಲಿ ಪ್ರಕಟವಾಯಿತು. 1962ರಲ್ಲಿ ಅವರು ಜರ್ಮನಿಗೆ ಹೋಗಿ, ಥಾಲಿಡೊಮೈಡ್ ಎಂಬ ಔಷಧವನ್ನು ಗರ್ಭಿಣಿಯರು ಸೇವಿಸಿದ್ದರಿಂದ ಕೈಕಾಲುಗಳು ಬೆಳೆಯದೆ ಹುಟ್ಟಿದ ಶಿಶುಗಳನ್ನು ಕಂಡು ಬಂದರು. ತಮ್ಮ ದೇಶದ ಶಾಸನಸಭೆಯ ಮುಂದೆ ಅದರ ಅಪಾಯವನ್ನು ವಿವರಿಸಿದರು. 1965ರಲ್ಲಿ ಅಮೆರಿಕನ್ ಹೃದಯ ಸಂಘದ ಪ್ರಥಮ ಮಹಿಳಾ ಅಧ್ಯಕ್ಷರಾದರು. ನಿವೃತ್ತಿಯ ಬಳಿಕವೂ, ತಮ್ಮ ಬಾಲರೋಗಿಗಳು ದೊಡ್ಡವರಾಗಿ ಹೇಗಿದ್ದಾರೆಂದು ವಿಚಾರಿಸಿ ಲೇಖನಗಳನ್ನು ಪ್ರಕಟಿಸಿದರು. 1986ರ ಮೇ 20ರಂದು ಕಾರು ಅಪಘಾತದಲ್ಲಿ ನಿಧನರಾದಾಗ ಅವರಿಗೆ ಎಂಬತ್ತೆಂಟು ತುಂಬಲು ನಾಲ್ಕು ದಿನಗಳಿದ್ದವು. ಆ ದಿನಗಳಲ್ಲಿ ಅವರು ಪರೀಕ್ಷಿಸುತ್ತಿದ್ದುದು ಹಕ್ಕಿಗಳ ಹೃದಯಗಳನ್ನು.