ಹೆಸರಿಲ್ಲದ ಅಪರಾಧಕ್ಕೆ ಹೆಸರಿಟ್ಟ ರಾಫೇಲ್ ಲೆಮ್ಕಿನ್

ಎರಡನೆಯ ಮಹಾಯುದ್ಧದ ಪಾಠದಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ಹಿಟ್ಲರನ ಹೆಸರನ್ನು ಹತ್ತು ಸಲ ಹೇಳುತ್ತಾರೆ, ಲೆಮ್ಕಿನ್ ಅವರ ಹೆಸರನ್ನು ಒಮ್ಮೆಯೂ ಹೇಳುವುದಿಲ್ಲ. ನಾವು ಜನಾಂಗಹತ್ಯೆ ಎಂದು ಕನ್ನಡಿಸಿಕೊಂಡಿರುವ ‘ಜಿನೊಸೈಡ್’ ಪದವನ್ನು ಕಟ್ಟಿದವರು ಅವರೇ.

1900ರಲ್ಲಿ, ಈಗ ಬೆಲಾರೂಸಿಗೆ ಸೇರಿರುವ ಪ್ರದೇಶದ ಯೆಹೂದಿ ಕೃಷಿಕ ಕುಟುಂಬದಲ್ಲಿ ಹುಟ್ಟಿದರು. ಲ್ವೂವ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುವಾಗ ಅವರನ್ನು ಕಾಡಿದ್ದು 1921ರ ಬರ್ಲಿನ್ ಪ್ರಕರಣ. ಅರ್ಮೇನಿಯನ್ನರ ಸಾಮೂಹಿಕ ಕೊಲೆಗೆ ಕಾರಣನಾದ ತುರ್ಕಿಯ ತಲಾತ್ ಪಾಷಾನನ್ನು ಅಲ್ಲಿ ಅರ್ಮೇನಿಯನ್ ಯುವಕನೊಬ್ಬ ಗುಂಡಿಕ್ಕಿ ಕೊಂದಿದ್ದ. ಒಬ್ಬನನ್ನು ಕೊಂದವನಿಗೆ ವಿಚಾರಣೆ ಇದೆ, ಲಕ್ಷಾಂತರ ಜನರನ್ನು ಕೊಲ್ಲಿಸಿದವನಿಗೆ ಏಕಿರಲಿಲ್ಲ ಎಂದು ಲೆಮ್ಕಿನ್ ತಮ್ಮ ಪ್ರಾಧ್ಯಾಪಕರನ್ನು ಕೇಳಿದರಂತೆ. ರೈತ ತನ್ನ ಕೋಳಿಗಳನ್ನು ಕೊಂದರೆ ಕೇಳುವವರಿಲ್ಲ, ದೇಶವೂ ಹಾಗೆಯೇ ಎಂಬರ್ಥದ ಉತ್ತರ ಬಂತು. ಪಾಠದ ಪೀಠಿಕೆಗೆ ಈ ಪ್ರಶ್ನೆಯೊಂದೇ ಸಾಕು. ಪ್ರೌಢಶಾಲೆಯ ಮಕ್ಕಳು ಸುಮ್ಮನೆ ಕೂರುವುದಿಲ್ಲ.

ಜನಸಮೂಹಗಳ ನಾಶವನ್ನು ಅಂತರರಾಷ್ಟ್ರೀಯ ಅಪರಾಧವೆಂದು ಸಾರಬೇಕೆಂಬ ಅವರ ಪ್ರಸ್ತಾವ 1933ರಲ್ಲೇ ಮ್ಯಾಡ್ರಿಡ್ ಸಮ್ಮೇಳನಕ್ಕೆ ಹೋಗಿತ್ತು. ಯಾರೂ ಕಿವಿಗೊಡಲಿಲ್ಲ. 1939ರಲ್ಲಿ ವಾರ್ಸಾದಿಂದ ತಪ್ಪಿಸಿಕೊಂಡು, ಸ್ವೀಡನ್ ಮೂಲಕ 1941ರಲ್ಲಿ ಅಮೆರಿಕ ತಲುಪಿದರು. ನಾಜಿಗಳ ಆಜ್ಞೆ, ಕಾಯಿದೆಗಳನ್ನೇ ಪುರಾವೆಯಾಗಿಟ್ಟು ಬರೆದ ಅವರ ಗ್ರಂಥ 1944ರಲ್ಲಿ ಹೊರಬಂತು. ಕುಲ ಎಂಬರ್ಥದ ಗ್ರೀಕ್ ಪದಕ್ಕೆ ಕೊಲ್ಲು ಎಂಬರ್ಥದ ಲ್ಯಾಟಿನ್ ಧಾತುವನ್ನು ಕೂಡಿಸಿದ ಹೊಸ ಪದ ಅದರಲ್ಲಿತ್ತು.

ಇಲ್ಲಿ ತುಸು ನಿಲ್ಲಬೇಕು. ದೊಡ್ಡ ಸಾವುನೋವಿಗೆಲ್ಲ ಕಪ್ಪುಹಲಗೆಯ ಮೇಲೆ ‘ನರಮೇಧ’ ಎಂದು ಬರೆದುಬಿಡುವ ರೂಢಿ ನಮ್ಮಲ್ಲಿದೆ. ಲೆಮ್ಕಿನ್ ಅವರ ಪದಕ್ಕೆ ಹೆಣಗಳ ಲೆಕ್ಕ ಮುಖ್ಯವಲ್ಲ. ಒಂದು ರಾಷ್ಟ್ರೀಯ, ಜನಾಂಗೀಯ ಅಥವಾ ಧಾರ್ಮಿಕ ಸಮೂಹವನ್ನು ಸಮೂಹವೆಂಬ ಕಾರಣಕ್ಕೇ ಅಳಿಸುವ ಉದ್ದೇಶವಿತ್ತೇ ಎಂಬುದು ಮುಖ್ಯ. ಈ ಭೇದ ತಿಳಿಸದೆ ವ್ಯಾಖ್ಯೆ ಬಾಯಿಪಾಠ ಮಾಡಿಸಿದರೆ ಪ್ರಯೋಜನವಿಲ್ಲ.

ನ್ಯೂರೆಂಬರ್ಗ್ ವಿಚಾರಣೆಯ ಆರೋಪಪಟ್ಟಿಯಲ್ಲಿ ಈ ಪದ ಸೇರಿತು, 1946ರ ತೀರ್ಪಿನಲ್ಲಿ ಕಾಣಲಿಲ್ಲ. ಅಷ್ಟರಲ್ಲಿ ತಂದೆತಾಯಿಗಳೂ ಸೇರಿ ತಮ್ಮ 49 ಬಂಧುಗಳು ಹತರಾದರೆಂಬುದು ಅವರಿಗೆ ತಿಳಿದಿತ್ತು. ಅವರು ವಿಶ್ವಸಂಸ್ಥೆಯ ಬಾಗಿಲು ಹಿಡಿದರು. ಹುದ್ದೆಯಿಲ್ಲ, ನಿಶ್ಚಿತ ಸಂಬಳವಿಲ್ಲ. ಪ್ರತಿನಿಧಿಗಳ ಬೆನ್ನುಬಿದ್ದು ಒಪ್ಪಿಸುವುದೇ ಕೆಲಸ. 1946ರಲ್ಲಿ ಇದರ ಬಗ್ಗೆ ಗೊತ್ತುವಳಿ ಮಂಡಿಸಿದ ಮೂರು ದೇಶಗಳಲ್ಲಿ ಭಾರತವೂ ಒಂದು. ಉಳಿದೆರಡು ಕ್ಯೂಬಾ, ಪನಾಮಾ. 1948ರ ಡಿಸೆಂಬರ್ 9ರಂದು ಪ್ಯಾರಿಸ್ಸಿನಲ್ಲಿ ಒಪ್ಪಂದ ಅಂಗೀಕಾರವಾಯಿತು, 1951ರಲ್ಲಿ ಜಾರಿಗೆ ಬಂತು.

ಭಾರತ ಅದನ್ನು ಸ್ಥಿರೀಕರಿಸಿದ್ದು 1959ರ ಆಗಸ್ಟ್ 27ರಂದು. ಮರುದಿನ ಲೆಮ್ಕಿನ್ ನ್ಯೂಯಾರ್ಕಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅಂತ್ಯಕ್ರಿಯೆಗೆ ಬಂದವರು ಬೆರಳೆಣಿಕೆಯಷ್ಟು ಮಂದಿ. ಅಂತರರಾಷ್ಟ್ರೀಯ ನ್ಯಾಯಾಲಯವೊಂದು ಈ ಅಪರಾಧಕ್ಕಾಗಿ ಮೊದಲ ಬಾರಿಗೆ ಒಬ್ಬನನ್ನು ತಪ್ಪಿತಸ್ಥನೆಂದು ಘೋಷಿಸಿದ್ದು 1998ರಲ್ಲಿ, ತಾಂಜಾನಿಯಾದ ಅರುಷಾದಲ್ಲಿ. ಆತ ರ್ವಾಂಡಾದ ಒಬ್ಬ ಮಾಜಿ ಮೇಯರ್.