ವೀರ ವೈಮಾನಿಕ ಅಜ್ಜಮಾಡ ದೇವಯ್ಯ



ನಮ್ಮ ದಾದರಿನಿಂದ ಉತ್ತರಕ್ಕೆ ಹೋದರೆ ಜುಹೂ ವಿಮಾನ ನಿಲ್ದಾಣವಿದೆಯಷ್ಟೆ. 1932ನೆಯ ಇಸವಿಯ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಂಚೆಯನ್ನು ಹೊತ್ತು, ಚಿಕ್ಕದೊಂದು ವಿಮಾನವನ್ನು ತಾವೇ ನಡೆಸಿಕೊಂಡು ಬಂದು ಅಲ್ಲಿ ಇಳಿದರು. ಆ ಅಂಚೆಯು ಮುಂದೆ ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸನ್ನು ಸೇರಿತು. ಅದಕ್ಕೆ ಒಂದು ವಾರ ಮೊದಲು, ಅಕ್ಟೋಬರ್ 8ರಂದು, ಭಾರತೀಯ ವಾಯುಪಡೆಯು ಜನ್ಮ ತಾಳಿತ್ತು. ಅದೇ ವರ್ಷದ ಡಿಸೆಂಬರ್ 24ರಂದು ಕೊಡಗಿನಲ್ಲಿ ಜನಿಸಿದ ಶಿಶುವೊಂದು ಮುಂದೆ ಆ ಪಡೆಯ ಕೀರ್ತಿಯನ್ನು ಬೆಳಗಿತು. ಅವರೇ ಅಜ್ಜಮಾಡ ಬೋಪಯ್ಯ ದೇವಯ್ಯ. ಕೊಡವರ ಪದ್ಧತಿಯಂತೆ ಈ ಹೆಸರಿನಲ್ಲಿ ಅಜ್ಜಮಾಡ ಎಂಬುದು ಮನೆತನ, ಬೋಪಯ್ಯ ಎಂಬುದು ತಂದೆಯ ಹೆಸರು.

ದೇವಯ್ಯನವರು 1954ರಲ್ಲಿ ವೈಮಾನಿಕರಾಗಿ ವಾಯುಪಡೆಯನ್ನು ಸೇರಿದರು. ಕಾಲಕ್ರಮದಲ್ಲಿ ಸ್ಕ್ವಾಡ್ರನ್ ಲೀಡರ್ ಪದವಿಗೇರಿ, ವಾಯುಪಡೆಯ ಹಾರಾಟದ ಕಾಲೇಜಿನಲ್ಲಿ ಬೋಧಕರಾದರು. ಹಾರಾಟ ಕಲಿಸುವುದು ಕರಿಹಲಗೆಯ ಪಾಠದಂತಲ್ಲ. ಆ ಕಾಲದಲ್ಲಿ ಹೊಸ ವಿದ್ಯಾರ್ಥಿಗಳು ಕಲಿಯುತ್ತಿದ್ದುದು ಬೆಂಗಳೂರಿನ ಹಿಂದುಸ್ತಾನ್ ಕಾರ್ಖಾನೆಯಲ್ಲಿ ತಯಾರಾದ ಎಚ್. ಟಿ. 2 ಎಂಬ ವಿಮಾನದಲ್ಲಿ. 1951ರಲ್ಲಿ ಮೊದಲು ಹಾರಿದ ಆ ವಿಮಾನದಲ್ಲಿ ಗುರುಶಿಷ್ಯರಿಗೆ ಒಂದರ ಹಿಂದೊಂದು ಆಸನಗಳಿದ್ದವು. ನಡೆಸುವ ಸಾಧನಗಳೂ ಇಬ್ಬರಿಗೂ ಇದ್ದವು. ಶಿಷ್ಯನು ತಪ್ಪಿದರೆ ಗುರುವು ತಿದ್ದಬೇಕು. ತಡವಾದರೆ ಇಬ್ಬರ ಪ್ರಾಣಕ್ಕೂ ಅಪಾಯ. ಶಿಷ್ಯನು ಮೊದಲ ಬಾರಿ ಒಬ್ಬನೇ ಹಾರುವ ದಿನ ಗುರುವು ನೆಲದ ಮೇಲೆ ನಿಂತು ಆಕಾಶವನ್ನು ನೋಡುತ್ತಿರಬೇಕು. ಅನಂತರವೇ ವೇಗದ ಜೆಟ್ ವಿಮಾನಗಳ ಶಿಕ್ಷಣ.

1965ರಲ್ಲಿ ಪಾಕಿಸ್ತಾನದೊಡನೆ ಯುದ್ಧ ಒದಗಿದಾಗ ಈ ಗುರುವು ಪಾಠಶಾಲೆಯಿಂದ ರಣರಂಗಕ್ಕೆ ಬಂದರು. ಪಂಜಾಬಿನ ಆದಂಪುರದಲ್ಲಿದ್ದ ವಾಯುಪಡೆಯ ಒಂದನೆಯ ದಳವನ್ನು ಸೇರಿದರು. ಸೆಪ್ಟೆಂಬರ್ 7ರ ಬೆಳಗಿನ ಜಾವ ಆ ದಳದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿ ನಡೆಸಬೇಕಾಗಿತ್ತು. ದೇವಯ್ಯನವರದು ಬದಲಿ ವಿಮಾನ. ಮುಖ್ಯ ತಂಡದಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಆದರೂ ಕೊನೆಗೆ ಅವರು ದಾಳಿಯಲ್ಲಿ ಸೇರಿಕೊಂಡರು.

ಮರಳುವ ದಾರಿಯಲ್ಲಿ ಅಮ್ಜದ್ ಹುಸೇನ್ ಎಂಬ ವೈಮಾನಿಕನು ಸ್ಟಾರ್‌ಫೈಟರ್ ವಿಮಾನದಲ್ಲಿ ಎದುರಾದನು. ಅದು ಅಮೆರಿಕದಲ್ಲಿ ತಯಾರಾದದ್ದು. ಶಬ್ದದ ಎರಡರಷ್ಟು ವೇಗ ಅದಕ್ಕೆ. ಮಿಸ್ಟೇರಿನ ವೇಗ ಸುಮಾರು ಅದರ ಅರ್ಧ ಮಾತ್ರ. ಶತ್ರುವಿನ ಗುಂಡು ತಗುಲಿ ದೇವಯ್ಯನವರ ವಿಮಾನಕ್ಕೆ ಪೆಟ್ಟಾಯಿತು. ಆದರೂ ಅವರು ಹಿಂದೆಗೆಯದೆ ತಿರುಗಿ ಬಿದ್ದರು. ನೆಲಕ್ಕೆ ಸಮೀಪದಲ್ಲಿ ನಡೆದ ಆ ಕಾಳಗದಲ್ಲಿ ಸ್ಟಾರ್‌ಫೈಟರ್ ಕೆಳಗುರುಳಿತು. ಹುಸೇನನು ಪ್ಯಾರಾಶೂಟಿನಿಂದ ಇಳಿದು ಬದುಕಿಕೊಂಡನು. ದೇವಯ್ಯನವರು ಹಿಂದಿರುಗಲಿಲ್ಲ. ಅವರಿಗಾಗ ವಯಸ್ಸು 32.

ಅವರ ಸಂಗಡಿಗರಾರೂ ಆ ಕಾಳಗವನ್ನು ಕಂಡಿರಲಿಲ್ಲ. ಕಾಣೆಯಾದವರ ಪಟ್ಟಿಯಲ್ಲಿ ಅವರ ಹೆಸರು ಸೇರಿತು. ಮನೆಯವರಿಗೆ ದೊರೆತದ್ದು ಮೌನವೊಂದೇ. ಹದಿನಾಲ್ಕು ವರ್ಷಗಳ ತರುವಾಯ, 1979ರಲ್ಲಿ, ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಪಾಕಿಸ್ತಾನದ ವಾಯುಪಡೆಯ ನೆರವಿನಿಂದ ಬರೆದ ಗ್ರಂಥದಲ್ಲಿ ಆ ಸ್ಟಾರ್‌ಫೈಟರ್ ಒಂದು ಮಿಸ್ಟೇರಿನೊಡನೆ ಕಾದಾಡಿ ಬಿದ್ದ ವೃತ್ತಾಂತವು ಬೆಳಕಿಗೆ ಬಂತು. ಆ ಮಿಸ್ಟೇರನ್ನು ನಡೆಸಿದವರು ದೇವಯ್ಯನವರೇ ಎಂಬುದು ವಿಚಾರಣೆಯಿಂದ ಸ್ಥಿರವಾಯಿತು. 1988ರಲ್ಲಿ, ಎಂದರೆ ಮರಣದ 23 ವರ್ಷಗಳ ಅನಂತರ, ಭಾರತ ಸರಕಾರವು ಅವರಿಗೆ ಮಹಾವೀರ ಚಕ್ರವನ್ನಿತ್ತಿತು. ಅವರ ಪತ್ನಿ ಸುಂದರಿ ದೇವಯ್ಯನವರು ಅದನ್ನು ಸ್ವೀಕರಿಸಿದರು. ಇಂದು ಮಡಿಕೇರಿಯ ವೃತ್ತವೊಂದಕ್ಕೆ ಅವರ ಹೆಸರಿದೆ.

ಈ ಗುರುವಿನ ವಿದ್ಯೆಯು ಅವರೊಡನೆ ಅಳಿಯಲಿಲ್ಲ. ಕನ್ನಡ ನಾಡಿನ ಬೀದರದಲ್ಲಿ 2008ರಿಂದ ಹಾಕ್ ವಿಮಾನಗಳಲ್ಲಿ ತರುಣರು ಯುದ್ಧವೈಮಾನಿಕರಾಗುವ ಶಿಕ್ಷಣ ಪಡೆಯುತ್ತಿದ್ದಾರೆ.

ಬಾಲಮಿತ್ರರೆ, ನೀವು ಮಾಡಿದ ಒಳ್ಳೆಯ ಕೆಲಸವನ್ನು ಯಾರೂ ನೋಡಲಿಲ್ಲವೆಂದು ಕೆಲವೊಮ್ಮೆ ಮುಖ ಬಾಡಿಸಿಕೊಳ್ಳುತ್ತೀರಿ. ದೇವಯ್ಯನವರು ಶತ್ರುವಿನತ್ತ ತಿರುಗಿದ ಆ ಗಳಿಗೆಯಲ್ಲಿ ಅವರನ್ನು ಮೆಚ್ಚುವವರು ಯಾರೂ ಹತ್ತಿರವಿರಲಿಲ್ಲ. ಅವರ ಶೌರ್ಯಕ್ಕೆ ಸಾಕ್ಷಿ ದೊರೆತದ್ದು ವೈರಿಯ ಪಾಳೆಯದಿಂದಲೇ. ಕರ್ತವ್ಯಕ್ಕೆ ಪ್ರೇಕ್ಷಕರು ಬೇಕಿಲ್ಲವೆಂಬ ಪಾಠವನ್ನು ಆ ಗುರುವು ನಮಗೂ ಕಲಿಸಿ ಹೋಗಿದ್ದಾರೆ.