ಪಾಂಡಿತ್ಯ ಮತ್ತು ಪದಗಳ ಸಂಗಮ: ಶ್ರೀ ವ್ಯಾಸರಾಯರು

ಥಾಣೆಯಲ್ಲಾಗಲಿ ಡೊಂಬಿವಲಿಯಲ್ಲಾಗಲಿ, ಕಲ್ಯಾಣ್ ಅಥವಾ ನವಿಮುಂಬಯಿಯಲ್ಲಾಗಲಿ, ಕನ್ನಡಿಗರು ಕೂಡಿ ಭಜನೆಗೆ ಕುಳಿತರೆ ಪುರಂದರದಾಸರ ಪದವೋ ಕನಕದಾಸರ ಕೀರ್ತನೆಯೋ ಕೇಳಿಬರುವುದು ಸಹಜ. ಊರು ಬಿಟ್ಟು ಎರಡು ಮೂರು ತಲೆಮಾರು ಕಳೆದ ಮನೆಗಳಲ್ಲಿಯೂ, ಕನ್ನಡ ಅಕ್ಷರ ಓದಲು ಬಾರದ ಮಕ್ಕಳ ನಾಲಿಗೆಯ ಮೇಲೂ ಈ ಪದಗಳು ಉಳಿದುಕೊಂಡಿವೆ. ಈ ಇಬ್ಬರು ದಾಸಶ್ರೇಷ್ಠರಿಗೂ ಗುರುಗಳಾಗಿದ್ದವರು ಶ್ರೀ ವ್ಯಾಸತೀರ್ಥರು. ನಾಡು ಅವರನ್ನು ವ್ಯಾಸರಾಯರು, ವ್ಯಾಸರಾಜರು ಎಂದು ಗೌರವದಿಂದ ಕರೆಯಿತು. ಮಠಾಧಿಪತಿ, ತರ್ಕಶಾಸ್ತ್ರ ಪಂಡಿತ, ದಾರ್ಶನಿಕ, ಕನ್ನಡ ಪದಕಾರ ಈ ನಾಲ್ಕೂ ಒಂದೇ ವ್ಯಕ್ತಿತ್ವದಲ್ಲಿ ಮೇಳೈಸಿದ್ದು ಅಪರೂಪ. ಆದರೂ ಶಿಷ್ಯರ ಹೆಸರು ಮನೆಮಾತಾದಷ್ಟು ಗುರುಗಳ ಹೆಸರು ಆಗಲಿಲ್ಲ. ಆ ಮಹನೀಯರ ಬದುಕನ್ನು ಇಲ್ಲಿ ಸಂಕ್ಷೇಪವಾಗಿ ಸ್ಮರಿಸಲಾಗಿದೆ.

ವ್ಯಾಸರಾಯರ ಜನನ ಸುಮಾರು 1460ರಲ್ಲಿ, ಇಂದಿನ ಮೈಸೂರು ಜಿಲ್ಲೆಯ ಬನ್ನೂರಿನಲ್ಲಿ. ಅವರ ಪೂರ್ವಾಶ್ರಮದ ಹೆಸರು ಯತಿರಾಜ. ಚನ್ನಪಟ್ಟಣದ ಸಮೀಪದ ಅಬ್ಬೂರಿನಲ್ಲಿದ್ದ ಶ್ರೀ ಬ್ರಹ್ಮಣ್ಯತೀರ್ಥರು ಬಾಲಕನ ಪ್ರತಿಭೆಯನ್ನು ಗುರುತಿಸಿ ಸಂನ್ಯಾಸವಿತ್ತರು. ಗುರುಗಳು ಬಹುಬೇಗನೆ ಕಾಲವಾದುದರಿಂದ ಎಳೆಯ ವಯಸ್ಸಿನಲ್ಲಿಯೇ ಮಠದ ಹೊಣೆ ಹೆಗಲೇರಿತು. ಆದರೆ ಪೀಠ ದೊರೆತ ಮಾತ್ರಕ್ಕೆ ಕಲಿಕೆ ಮುಗಿಯಿತೆಂದು ಅವರು ಭಾವಿಸಲಿಲ್ಲ. ವಿದ್ಯೆಯ ತವರಾಗಿದ್ದ ಕಂಚಿಗೆ ತೆರಳಿ ಇತರ ದರ್ಶನಗಳನ್ನೂ ಶ್ರದ್ಧೆಯಿಂದ ಅಭ್ಯಸಿಸಿದರು. ಅನಂತರ ಮುಳಬಾಗಿಲಿಗೆ ಬಂದು ಶ್ರೀ ಶ್ರೀಪಾದರಾಜರ ಸನ್ನಿಧಿಯಲ್ಲಿ ಅಧ್ಯಯನವನ್ನು ಮುಂದುವರಿಸಿದರು. ಶ್ರೀಪಾದರಾಜರು ದೊಡ್ಡ ಪಂಡಿತರಾಗಿದ್ದರಷ್ಟೇ ಅಲ್ಲ, ಕನ್ನಡದಲ್ಲಿ ದೇವರನಾಮಗಳನ್ನು ರಚಿಸಿ, ದೇವರ ಮುಂದೆ ಕನ್ನಡವೂ ಸಲ್ಲುತ್ತದೆಂದು ತೋರಿಸಿಕೊಟ್ಟವರಾಗಿದ್ದರು. ಈ ಗುರುಕುಲವಾಸವು ಯುವ ಯತಿಯ ಮುಂದಿನ ಬದುಕಿಗೆ ದಾರಿ ತೋರಿತು.

ಶ್ರೀಪಾದರಾಜರ ಸೂಚನೆಯಂತೆ ವ್ಯಾಸರಾಯರು ಸಾಳುವ ನರಸಿಂಹನ ಚಂದ್ರಗಿರಿಯ ಆಸ್ಥಾನಕ್ಕೆ ತೆರಳಿದರು. ಅಲ್ಲಿಂದ ತಿರುಪತಿಗೆ ಬಂದು ಹನ್ನೆರಡು ವರ್ಷ ಶ್ರೀನಿವಾಸನ ಪೂಜೆ ನಡೆಸಿದರೆಂದು ಸಂಪ್ರದಾಯ ಹೇಳುತ್ತದೆ. ಬಳಿಕ ವಿಜಯನಗರವು ಅವರ ಕಾರ್ಯಕ್ಷೇತ್ರವಾಯಿತು. 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನು ಅವರನ್ನು ಗುರುಭಾವದಿಂದ ಗೌರವಿಸಿದನು. ಅರಸನಿಗೆ ಒದಗಿದ್ದ ಕುಹಯೋಗವೆಂಬ ಕೆಡುಕಿನ ಕಾಲದಲ್ಲಿ ವ್ಯಾಸರಾಯರೇ ಸಿಂಹಾಸನವನ್ನೇರಿ ಅದನ್ನು ನಿವಾರಿಸಿದರೆಂಬ ಐತಿಹ್ಯ ಪ್ರಸಿದ್ಧವಾಗಿದೆ. ಆ ಆಸ್ಥಾನದಲ್ಲಿ ಶ್ರೀವೈಷ್ಣವ ಆಚಾರ್ಯರಿಗೂ ಶೈವರಿಗೂ ಮನ್ನಣೆಯಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಹಲವು ಮತಗಳ ಪಂಡಿತರು ನೆರೆದಿದ್ದ ಅಂತಹ ನಗರದಲ್ಲಿ ಮನ್ನಣೆ ಪಡೆಯಬೇಕಾದರೆ ವಾದದ ಬಲವೇ ಬೇಕಾಗಿತ್ತು. ಅರಸನಿಂದ ದಾನವಾಗಿ ಬಂದ ಗ್ರಾಮಗಳ ಆದಾಯದಿಂದ ಮಠವೂ ವಿದ್ಯಾರ್ಥಿಗಳ ಪೋಷಣೆಯೂ ನಡೆದವು. ಬೆಟ್ಟಕೊಂಡದಲ್ಲಿ ಅವರು ಕಟ್ಟಿಸಿದ ಕೆರೆಗೆ ವ್ಯಾಸಸಮುದ್ರವೆಂದೇ ಹೆಸರಾಯಿತು. ಹಂಪಿಯ ಚಕ್ರತೀರ್ಥದ ಬಳಿಯ ಯಂತ್ರೋದ್ಧಾರಕ ಆಂಜನೇಯನನ್ನು ಪ್ರತಿಷ್ಠಾಪಿಸಿದವರೂ ಅವರೇ. ನಾಡಿನಾದ್ಯಂತ 732 ಹನುಮ ವಿಗ್ರಹಗಳನ್ನು ಸ್ಥಾಪಿಸಿದರೆಂಬ ಪ್ರತೀತಿಯೂ ಉಂಟು.

ದಾರ್ಶನಿಕರಾಗಿ ವ್ಯಾಸರಾಯರ ಕೀರ್ತಿ ನಿಂತಿರುವುದು ‘ನ್ಯಾಯಾಮೃತ’, ‘ತರ್ಕತಾಂಡವ’ ಮತ್ತು ‘ತಾತ್ಪರ್ಯಚಂದ್ರಿಕಾ’ ಎಂಬ ಮೂರು ಸಂಸ್ಕೃತ ಗ್ರಂಥಗಳ ಮೇಲೆ. ಇವುಗಳನ್ನು ಒಟ್ಟಾಗಿ ವ್ಯಾಸತ್ರಯವೆಂದು ಕರೆಯುವುದು ರೂಢಿ. ‘ತಾತ್ಪರ್ಯಚಂದ್ರಿಕಾ’ ಬ್ರಹ್ಮಸೂತ್ರಗಳ ಅರ್ಥವನ್ನು ಕುರಿತದ್ದು. ‘ತರ್ಕತಾಂಡವ’ ನೈಯಾಯಿಕರ ನಿಲುವುಗಳನ್ನು ಪರೀಕ್ಷಿಸುವಂಥದ್ದು. ‘ನ್ಯಾಯಾಮೃತ’ದಲ್ಲಿ ಜಗತ್ತು ಮಿಥ್ಯೆಯೆಂಬ ಅದ್ವೈತದ ವಾದವನ್ನು ಎತ್ತಿಕೊಂಡು, ಮಿಥ್ಯೆಯೆಂಬ ಪದಕ್ಕೆ ಅದ್ವೈತಿಗಳು ಕೊಟ್ಟಿದ್ದ ಐದು ಲಕ್ಷಣಗಳನ್ನು ಒಂದೊಂದಾಗಿ ವಿಮರ್ಶಿಸಿದ್ದಾರೆ. ಅವರ ವಿಧಾನವೇ ಗಮನಾರ್ಹವಾದುದು. ಎದುರಾಳಿಯ ಮಾತನ್ನು ತಿರುಚದೆ, ಕುಗ್ಗಿಸದೆ, ಅದರ ಅತ್ಯಂತ ಬಲವಾದ ರೂಪದಲ್ಲಿ ಮುಂದಿಟ್ಟು ಆಮೇಲೆ ಉತ್ತರಿಸುವುದು ಅವರ ಕ್ರಮ. ಕಂಚಿಯಲ್ಲಿ ಪರಮತಗಳನ್ನು ಓದಿದ ಶ್ರಮ ಇಲ್ಲಿ ಫಲ ಕೊಟ್ಟಿತು. ಕಾಶಿಯ ಮಧುಸೂದನ ಸರಸ್ವತಿಯವರು ಇದಕ್ಕೆ ಉತ್ತರವಾಗಿ ‘ಅದ್ವೈತಸಿದ್ಧಿ’ಯನ್ನು ರಚಿಸಿದರು. ಅದಕ್ಕೆ ಪ್ರತ್ಯುತ್ತರವಾಗಿ ರಾಮಾಚಾರ್ಯರ ‘ತರಂಗಿಣಿ’ ಬಂದಿತು. ಹೀಗೆ ತುಂಗಭದ್ರೆಯ ತೀರದ ಒಂದು ಗ್ರಂಥವು ಗಂಗಾತೀರದ ಪಂಡಿತರನ್ನು ತಲೆಮಾರುಗಳ ಕಾಲ ಚಿಂತನೆಗೆ ಹಚ್ಚಿತು. ಎರಡೂ ಪಕ್ಷಗಳ ಅತ್ಯುತ್ತಮ ಕೃತಿಗಳು ಈ ವಾದದಿಂದಲೇ ಹುಟ್ಟಿದವೆಂದರೆ ತಪ್ಪಾಗಲಾರದು.

ಇಷ್ಟು ಕಠಿಣವಾದ ಶಾಸ್ತ್ರವನ್ನು ಬರೆದ ಕೈಯೇ ‘ಸಿರಿಕೃಷ್ಣ’ ಎಂಬ ಅಂಕಿತದಲ್ಲಿ ಸರಳವಾದ ಕನ್ನಡ ಪದಗಳನ್ನೂ ರಚಿಸಿತು. ಬಾಲಕೃಷ್ಣನನ್ನು ಬೇಗ ಬಂದು ಮುಖ ತೋರೆಂದು ಕರೆಯುವ, ಯಮುನಾಕಲ್ಯಾಣಿ ರಾಗದ ಆ ಕೀರ್ತನೆಯನ್ನು ಕೇಳದವರು ವಿರಳ. ಅದು ವ್ಯಾಸರಾಯರದೆಂದು ಪರಂಪರೆ ನಂಬಿದೆ. ನರ್ತಕಿ ಬಾಲಸರಸ್ವತಿಯವರ ಅಭಿನಯದಿಂದ ಅದು ದೇಶವಿದೇಶಗಳಲ್ಲಿ ಹೆಸರಾಯಿತು. 1990ರ ದಶಕದಲ್ಲಿ ಗಾಯಕ ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಅವರ ಹೊಸ ಸಂಗೀತದಲ್ಲಿ ಕನ್ನಡ ಬಾರದ ಯುವಜನರನ್ನೂ ತಲಪಿತು.

ಪಂಡಿತರ ಸಮೂಹಕ್ಕೆ ವ್ಯಾಸಕೂಟವೆಂದೂ ಹಾಡುವ ಭಕ್ತರ ಸಮೂಹಕ್ಕೆ ದಾಸಕೂಟವೆಂದೂ ಹೆಸರು. ಎರಡಕ್ಕೂ ಆಶ್ರಯವಿತ್ತವರು ವ್ಯಾಸರಾಯರು. ವ್ಯಾಪಾರಿಯಾಗಿದ್ದ ಶ್ರೀನಿವಾಸ ನಾಯಕನು ಸಂಪತ್ತನ್ನೆಲ್ಲ ತೊರೆದು ಬಂದಾಗ ದೀಕ್ಷೆಯಿತ್ತು ಪುರಂದರದಾಸರನ್ನಾಗಿಸಿದರು. ಇಂದು ಕರ್ನಾಟಕ ಸಂಗೀತ ಕಲಿಯುವ ಪ್ರತಿಯೊಂದು ಮಗುವೂ ಮಾಯಾಮಾಳವಗೌಳದ ಸರಳೆ ವರಸೆಯಿಂದ ಆರಂಭಿಸುವುದು ಆ ದಾಸರ ಕೊಡುಗೆಯೆಂದೇ ಪ್ರಸಿದ್ಧಿ. ಕನಕದಾಸರನ್ನು ಶಿಷ್ಯರ ಸಾಲಿನಲ್ಲಿ ಸೇರಿಸಿಕೊಂಡಾಗ ಹುಟ್ಟಿನ ಕಾರಣವೊಡ್ಡಿ ಮಠದ ಕೆಲವರು ಮುನಿದರೆಂದು ಕಥೆಗಳಿವೆ. ಯಾರೂ ಕಾಣದ ಕಡೆ ತಿನ್ನಬೇಕೆಂದು ಗುರುಗಳು ಎಲ್ಲರಿಗೂ ಬಾಳೆಹಣ್ಣು ಕೊಟ್ಟರಂತೆ. ಉಳಿದವರು ಮರೆಯಲ್ಲಿ ತಿಂದು ಬಂದರೆ, ದೇವರಿಲ್ಲದ ಎಡೆಯೇ ದೊರೆಯಲಿಲ್ಲವೆಂದು ಕನಕರೊಬ್ಬರು ಹಣ್ಣನ್ನು ಹಾಗೆಯೇ ಮರಳಿ ತಂದರಂತೆ. ಕಥೆ ಐತಿಹ್ಯವಿರಬಹುದು, ಆದರೆ ಪೀಠದ ಮೇಲಿದ್ದವರು ಜಾತಿಗಿಂತ ಅರಿವನ್ನು ಮೇಲೆಂದು ಎಣಿಸಿದರೆಂಬ ನೆನಪನ್ನು ಜನಮನ ಐದು ಶತಮಾನ ಕಾಪಾಡಿಕೊಂಡು ಬಂದಿದೆ.

ಸೋದೆಯ ಶ್ರೀ ವಾದಿರಾಜರೂ ಕುಂಭಕೋಣದ ಶ್ರೀ ವಿಜಯೀಂದ್ರತೀರ್ಥರೂ ಅವರಲ್ಲಿ ಕಲಿತವರು. ವಿಜಯೀಂದ್ರರ ಶಿಷ್ಯರು ಸುಧೀಂದ್ರತೀರ್ಥರು, ಅವರ ಶಿಷ್ಯರು ಮಂತ್ರಾಲಯದ ಶ್ರೀ ರಾಘವೇಂದ್ರಸ್ವಾಮಿಗಳು. ರಾಯರು ‘ತರ್ಕತಾಂಡವ’ಕ್ಕೂ ‘ಚಂದ್ರಿಕಾ’ಗೂ ವ್ಯಾಖ್ಯಾನ ಬರೆದಿದ್ದಾರೆ. ರಾಯರ ಆರಾಧನೆಗೆ ನೆರೆಯುವ ಇಲ್ಲಿನ ಕುಟುಂಬಗಳು ವ್ಯಾಸರಾಯರ ವಿದ್ಯಾಪರಂಪರೆಗೂ ವಂದಿಸಿದಂತಾಗುತ್ತದೆ.

1539ರ ಫಾಲ್ಗುಣ ಬಹುಳ ಚತುರ್ಥಿಯಂದು ವ್ಯಾಸರಾಯರು ಇಹಲೋಕವನ್ನು ತ್ಯಜಿಸಿದರು. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಾದ ನವವೃಂದಾವನದಲ್ಲಿ ಅವರ ವೃಂದಾವನವಿದೆ. ಸಮಕಾಲೀನನಾದ ಸೋಮನಾಥ ಕವಿ ಸಂಸ್ಕೃತದಲ್ಲಿ ಬರೆದ ‘ವ್ಯಾಸಯೋಗಿಚರಿತ’ವು 1926ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ಬಳಿಕ ಅವರ ಬದುಕಿನ ಹಲವು ವಿವರಗಳು ಬೆಳಕಿಗೆ ಬಂದವು. 2019ರ ಜುಲೈ ತಿಂಗಳಲ್ಲಿ ನಿಧಿಯಾಸೆಯ ದುಷ್ಕರ್ಮಿಗಳು ರಾತ್ರಿ ವೇಳೆ ಆ ವೃಂದಾವನವನ್ನು ಕೆಡವಿದಾಗ ನಾಡು ಬೆಚ್ಚಿಬಿದ್ದಿತು. ಬೇರೆ ಬೇರೆ ಮಠಗಳ ಯತಿಗಳೂ ಭಕ್ತರೂ ಒಂದಾಗಿ ಕೆಲವೇ ದಿನಗಳಲ್ಲಿ ಅದನ್ನು ಮತ್ತೆ ನಿಲ್ಲಿಸಿದರು.

ಕಲ್ಲನ್ನು ಕೆಡವಬಹುದು, ಮರಳಿ ಕಟ್ಟಲೂಬಹುದು. ಆದರೆ ಮಕ್ಕಳ ನಾಲಿಗೆಯಿಂದ ಪದ ಮರೆಯಾದರೆ ಅದನ್ನು ಮರಳಿ ತರುವುದು ಸುಲಭವಲ್ಲ. ಪರಮತವನ್ನು ಓದಿ ಅರಿತ ಮೇಲೆಯೇ ವಾದಿಸಬೇಕು, ಎಷ್ಟೇ ಓದಿದರೂ ತಾಯ್ನುಡಿಯಲ್ಲಿ ಹಾಡಬೇಕು ಎಂಬ ಎರಡು ಪಾಠಗಳನ್ನು ವ್ಯಾಸರಾಯರು ಬಾಳಿ ತೋರಿಸಿದರು. ಮರಾಠಿ ನೆಲದಲ್ಲಿ ನೆಲೆ ಕಂಡು ಕನ್ನಡವನ್ನು ಕಾಪಾಡಿಕೊಳ್ಳುತ್ತಿರುವ ನಮ್ಮೆಲ್ಲರಿಗೂ ಈ ಪಾಠಗಳು ದಾರಿದೀಪವಾಗಲಿ.